ಅತ್ತೆಯ ಡಬ್ಬಿಗಳೂ ನನ್ನ ಡ್ರೈವರೂ

ಈ ಬರಹದಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ದಿನಚರಿ ಬರೆಯುವವಳು. ದಿನಚರಿ ಬರೆಯುವವರಿಗೆ ನೆನಪು ಗಟ್ಟಿ ಎಂದು ಜನ ನಂಬಿದ್ದಾರೆ. ನನ್ನ ಅನುಭವ ಬೇರೆ. ಬರೆದಿಟ್ಟಿದ್ದೇನಲ್ಲ ಎಂಬ ಧೈರ್ಯದಲ್ಲಿ ತಲೆ ಎಲ್ಲವನ್ನೂ ಕೈಬಿಡುತ್ತದೆ. ಆಮೇಲೆ ಪುಟ ತೆರೆದು ನೋಡಿದರೆ ಅವತ್ತು ನಡೆದದ್ದಕ್ಕಿಂತ ಅವತ್ತು ನನಗೆ ಬಂದ ಸಿಟ್ಟಿನ ವರ್ಣನೆಯೇ ಹೆಚ್ಚು. ಯಾರ ಮೇಲೆ, ಯಾಕೆ ಎಂಬುದು ಎಷ್ಟು ಸ್ಪಷ್ಟವಾಗಿತ್ತೆಂದರೆ ಬರೆಯುವ ಅಗತ್ಯವೇ ಕಂಡಿಲ್ಲ. ಹಾಗಾಗಿ ಕೆಳಗಿನ ಸಂಗತಿಗಳಲ್ಲಿ ವಾರ ಸೋಮವಾರವೋ ಗುರುವಾರವೋ, ಮಾತು ಅವರದೋ ನನ್ನದೋ ಎಂಬಲ್ಲಿ ಓದುಗರು ಸ್ವಲ್ಪ ಅನುಸರಿಸಿಕೊಳ್ಳಬೇಕು.

ಖಚಿತವಾಗಿ ಗೊತ್ತಿರುವುದು ಇಷ್ಟು. ಆಫೀಸಿನಲ್ಲಿ ನಾನು ಒಂದು ತಪ್ಪು ಹುಡುಕಿ ಸರಿಮಾಡಿದೆ. ಅದೇ ಹುಮ್ಮಸ್ಸಿನಲ್ಲಿ ಮನೆಗೆ ಬಂದು ಅದೇ ರಿಪೇರಿಯನ್ನು ಅಡುಗೆಮನೆಗೂ ಮಾಡಿದೆ. ಅದರ ಮರುವಾರದಿಂದ ನಮ್ಮ ಅತ್ತೆ ನನ್ನ ಜೊತೆ ಕನ್ನಡ ಮಾತಾಡುವುದನ್ನು ನಿಲ್ಲಿಸಿದರು.

ಇದು ಎಂಥ ಶಿಕ್ಷೆ ಎಂದು ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಕೂತವರಿಗೆ ತಿಳಿಯುವುದು ಕಷ್ಟ. ನಾನು ತುಮಕೂರಿನವಳು. ಇರುವುದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ. ಗಂಡ ಶ್ರೀಧರ ಎಂಟೆಕ್ ಓದುವಾಗ ಪರಿಚಯವಾದವನು, ಹುಟ್ಟಿ ಬೆಳೆದದ್ದು ವಿಜಯವಾಡ, ಈಗ ಕಾಲೋನಿಯ ಒಂದು ಕೋಚಿಂಗ್ ಸೆಂಟರಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾನೆ. ಅವನ ಕನ್ನಡ ಊಟಕ್ಕೆ ಸಂಬಂಧಪಟ್ಟದ್ದು ಮಾತ್ರ. ‘ಹಾಕು’, ‘ಸಾಕು’, ‘ಚೆನ್ನಾಗಿದೆ’ ದಾಟಿದರೆ ತೆಲುಗು ಶುರು. ಅತ್ತೆ ಮಾತ್ರ ಬಳ್ಳಾರಿಯವರು. ಮದುವೆಯಾಗಿ ವಿಜಯವಾಡಕ್ಕೆ ಬಂದು, ತುಂಬಿದ ತೆಲುಗು ಮನೆಯಲ್ಲಿ ತಲೆ ನರೆಯುವವರೆಗೂ ತೆಲುಗಾಡಿ, ಕನ್ನಡವನ್ನು ಎಲ್ಲೋ ಒಳಗೆ ಮಡಿಸಿಟ್ಟಿದ್ದರು. ನಾನು ಸೊಸೆಯಾಗಿ ಬಂದ ದಿನ ಅದನ್ನು ಕೊಡವಿ ಹೊರತೆಗೆದರು. ಅಂದಿನಿಂದ ಪ್ರತಿ ಬೆಳಿಗ್ಗೆ ನಾನು ಸ್ಕೂಟರ್ ತೆಗೆಯುವ ಮುಂಚೆ ಅವರ ಫೋನು ಬರಲೇಬೇಕು. ಅವರಿರುವುದು ವಿಜಯವಾಡದಲ್ಲಿ, ನಮ್ಮ ಭಾವನ ಮನೆಯಲ್ಲಿ; ಅಲ್ಲಿ ಹಿರಿಸೊಸೆ, ಮೊಮ್ಮಕ್ಕಳು ಎಲ್ಲ ಸುತ್ತ ಇದ್ದರೂ ಅವರು ಬಾಲ್ಕನಿಗೆ ಬಂದು ನನ್ನೊಡನೆ ಕನ್ನಡದಲ್ಲಿ ಲೋಕವನ್ನೆಲ್ಲ ಬೈಯುತ್ತಿದ್ದರು. ಆ ಮನೆಯಲ್ಲಿ ಯಾರಿಗೂ ಪೂರ್ತಿ ಅರ್ಥವಾಗದ ಭಾಷೆಯಲ್ಲಿ ಬೈಯುವ ಸುಖ ಅವರದು. ಬೆಳಗಿನ ಹೊತ್ತು ನಾಲ್ಕು ಕನ್ನಡ ಮಾತು ಕಿವಿಗೆ ಬೀಳುವ ಸುಖ ನನ್ನದು.

ಫೋನಿನ ಮುಖ್ಯ ವಿಷಯ ಡಬ್ಬಿಗಳು.

ಅತ್ತೆ ವಿಜಯವಾಡದಿಂದ ಯಾರು ಬಂದರೂ ಅವರ ಕೈಗೆ ಒಂದು ಸ್ಟೀಲ್ ಡಬ್ಬಿ ಹೇರಿ ಕಳಿಸುವವರು. ಒಮ್ಮೆ ತೊಗರಿಬೇಳೆಯ ಕಂದಿಪುಡಿ, ಒಮ್ಮೆ ಗೋಂಗೂರ ಚಟ್ನಿ, ಸಂಕ್ರಾಂತಿಗೆ ನಮ್ಮ ಕಜ್ಜಾಯದಂಥ ಅರಿಸೆಲು, ತವರಿನ ನೆನಪಾದಾಗ ಶೇಂಗಾ ಚಟ್ನಿಪುಡಿ. ಡಬ್ಬಿಗಳು ಅವರ ಮದುವೆಯಲ್ಲಿ ತವರಿನವರು ಕೊಟ್ಟವು. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರಗಳಲ್ಲಿ ಅವರ ಹೆಸರು: ಗೌರಮ್ಮ. ತಿಂಡಿ ವಾರದಲ್ಲಿ ಮುಗಿಯುತ್ತಿತ್ತು. ಡಬ್ಬಿ ನನ್ನ ಶೆಲ್ಫಿನಲ್ಲಿ ಉಳಿಯುತ್ತಿತ್ತು.

“ಏನಬೇ, ನನ್ನ ಡಬ್ಬಿ ಅದಾವೋ, ತೂಕಕ್ಕ ಹಾಕಿ ಮಾರಿದ್ಯೋ?”

“ಇವೆ ಅತ್ತೆ. ಕಳಿಸ್ತೀನಿ.”

“ಕಳಿಸ್ತೀನಿ ಕಳಿಸ್ತೀನಿ ಅಂತ ಹೋದ ದೀಪಾವಳಿಯಿಂದ ಹೇಳಾಕತ್ತೀದಿ. ಇಲ್ಲಿ ನನಗ ಹಾಕಿ ಕಳಿಸಾಕ ಡಬ್ಬಿ ಇಲ್ಲ. ಮತ್ತ ಬರೇ ಡಬ್ಬಿ ಕಳಿಸಿಗಿಳಿಸೀ! ಖಾಲಿ ಡಬ್ಬಿ ಮನೀಗೆ ಬರಬಾರದು.”

ಇಲ್ಲೇ ಗಂಟು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಎಂಬುದು ತುಮಕೂರಿಗೂ ಬಳ್ಳಾರಿಗೂ ವಿಜಯವಾಡಕ್ಕೂ ಒಪ್ಪಿಗೆಯಾದ ಅಪರೂಪದ ಕಾನೂನು. ಹಾಗಾದರೆ ಏನಾದರೂ ಮಾಡಿ ತುಂಬಬೇಕು. ಮಾಡಲು ಅಡುಗೆಕಟ್ಟೆಯಲ್ಲಿ ಜಾಗ ಬೇಕು. ಕಟ್ಟೆಯ ಮೇಲೂ ಶೆಲ್ಫಿನ ಮೇಲೂ ಅತ್ತೆಯ ಡಬ್ಬಿಗಳು. ಅವುಗಳನ್ನು ಕಳಿಸಿದರೆ ಜಾಗವಾಗುತ್ತದೆ, ಕಳಿಸಬೇಕಾದರೆ ತುಂಬಬೇಕು. ಮೇಲಾಗಿ ನಾನು ಏನು ತುಂಬಿದರೂ ಅದು ಅತ್ತೆಯ ನಾಲಿಗೆಯ ಮುಂದೆ ಪರೀಕ್ಷೆಗೆ ಕೂರಬೇಕು. ಒಮ್ಮೆ ಧೈರ್ಯ ಮಾಡಿ ಚಕ್ಕುಲಿ ಕಳಿಸಿದ್ದೆ. ಅವು ರೈಲಿನಲ್ಲಿ ಪುಡಿಯಾಗಿದ್ದವು. “ಪುಡಿ ರುಚಿ ಐತಿ, ಯಾವ ಕಾಳಿಂದು?” ಎಂದು ಕೇಳಿದ್ದರು. ಅಣಕವೋ ಅನುಮಾನವೋ ಇವತ್ತಿಗೂ ತಿಳಿದಿಲ್ಲ.

ಇನ್ನು ಆಫೀಸು. ನಮ್ಮದು ಸಣ್ಣ ಕಂಪನಿ. ಬಂದರಿನ ಕಡೆಯ ಖಾಸಗಿ ಕಂಟೇನರ್ ಅಂಗಳಗಳಿಗೆ ಒಂದು ಪೆಟ್ಟಿಗೆ ಮಾಡಿಕೊಡುತ್ತೇವೆ. ಗೇಟಿನ ಕ್ಯಾಮೆರಾಗಳು ಒಳಬರುವ ಲಾರಿಗಳ ಚಿತ್ರ ತೆಗೆಯುತ್ತವೆ. ಪೆಟ್ಟಿಗೆ ಅವನ್ನು ಡಿಸ್ಕಿನಲ್ಲಿ ಕಾಪಾಡುತ್ತದೆ. ಚಿತ್ರ ಮೊದಲು ಬಂದು ಕೂರುವುದು ಮೆಮೊರಿಯಲ್ಲಿ. ಅದು ಪಡಸಾಲೆ. ಅಲ್ಲಿಂದ ಡಿಸ್ಕೆಂಬ ಉಗ್ರಾಣಕ್ಕೆ ಹೊತ್ತು ಹಾಕುವ ಕೂಲಿಯೇ ಡ್ರೈವರ್ ಎಂಬ ಪ್ರೋಗ್ರಾಮು. ಅದರ ಯೋಗಕ್ಷೇಮ ನನ್ನ ಜವಾಬ್ದಾರಿ.

ಒಂದು ಅಂಗಳದ ಪೆಟ್ಟಿಗೆ ಮಾತ್ರ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಕೆಟ್ಟರೆ ಕೆಡಲಿ, ಕೆಟ್ಟೆ ಎಂದು ಹೇಳಬೇಕಲ್ಲ? ಹೊಗೆಯಿಲ್ಲ, ಸದ್ದಿಲ್ಲ, ತಪ್ಪು ಸೂಚಿಸುವ ಒಂದು ಸಾಲಿಲ್ಲ. ಹಸಿರು ದೀಪ ಹತ್ತಿಕೊಂಡೇ ಇರುತ್ತಿತ್ತು. ಮದುವೆಮನೆಯಲ್ಲಿ ಊಟಕ್ಕೆ ಕರೆಯಲಿ ಎಂದು ಗೋಡೆಯ ಪಕ್ಕ ನಗುಮುಖದಿಂದ ನಿಂತ ದೂರದ ನೆಂಟರ ಹಾಗೆ.

ನಮ್ಮ ಮುಖ್ಯಸ್ಥರು ಮೂರ್ತಿಗಾರು ಮೊದಲು ತಪ್ಪನ್ನು ಸಮುದ್ರದ ಗಾಳಿಯ ಮೇಲೆ ಹಾಕಿದರು. ವಿಶಾಖಪಟ್ಟಣದ ದೊಡ್ಡ ಅನುಕೂಲ ಅದು. ಗೇಟಿನ ಕೀಲು, ಫ್ರಿಜ್ಜಿನ ಕಾಲು, ಗಂಡನ ಕೂದಲು, ಏನು ಹೋದರೂ ಉಪ್ಪುಗಾಳಿ ಎನ್ನಬಹುದು. ಹೊಸ ಕೇಬಲ್ ಹಾಕಿದೆವು. ನಿಂತಿತು. ಹೊಸ ಡಿಸ್ಕ್ ಹಾಕಿದೆವು. ನಿಂತಿತು. ಅಂಗಳದ ಸೂಪರ್‌ವೈಸರು ಅದಕ್ಕೊಂದು ನಿಂಬೆಹಣ್ಣು ಕಟ್ಟಿದರು. ಆಗಲೂ ನಿಂತಿತು, ಆದರೆ ನೋಡಲು ಚೆನ್ನಾಗಿತ್ತು.

“ನನ್ನ ಟೇಬಲ್ ಮೇಲೆ ಒಂದು ದಿನಾನೂ ನಿಲ್ಲಲ್ಲ ಸಾರ್,” ಎಂದೆ ಮೂರ್ತಿಗಾರುಗೆ.

“ಅಲಾಗಾ? ಹಾಗಾದರೆ ಅಂಗಳದವರಿಗೆ ನಿಮ್ಮ ಟೇಬಲ್ಲೇ ಕಳಿಸಿಬಿಡೋಣ ಅಮ್ಮಾ,” ಎಂದರು. ಅವರು ಸಿಟ್ಟಾದಷ್ಟೂ ಮರ್ಯಾದೆ ಹೆಚ್ಚಿಸುವವರು. ‘ಅಮ್ಮಾ’ ಎಂದ ಮೇಲೆ ಪರಿಸ್ಥಿತಿ ಚೆನ್ನಾಗಿಲ್ಲ ಎಂದೇ ಅರ್ಥ.

ನನ್ನ ಜೊತೆ ಕೆಲಸ ಮಾಡುವ ಭಾನು ಶ್ರೀಕಾಕುಳಂ ಕಡೆಯ ಹುಡುಗಿ, ಯಾವುದಕ್ಕೂ ಗಾಬರಿಯಾಗದವಳು. ಅವಳೇ ಕೇಳಿದ್ದು: “ಅಕ್ಕಾ, ನಮ್ಮ ಮಿಷನ್ನು ಬಂಗಲೆಯಲ್ಲಿದೆ. ಅಂಗಳದ್ದು ಸಿಂಗಲ್ ರೂಮಿನಲ್ಲಿದೆ. ಒಂದೇ ಥರ ಹೇಗೆ ನಡೆದುಕೊಳ್ಳುತ್ತೆ?” ನಿಜ. ನನ್ನ ಯಂತ್ರದಲ್ಲಿ ಮೆಮೊರಿ ಧಾರಾಳ. ಅಂಗಳದ ಪೆಟ್ಟಿಗೆಯಲ್ಲಿ ಸ್ವಲ್ಪವೇ. ನನ್ನ ಯಂತ್ರದ ಮೆಮೊರಿಯನ್ನೂ ಕತ್ತರಿಸಿ, ಒಂದೇ ಸಲ ರಾಶಿ ಚಿತ್ರ ಸುರಿದೆವು. ಕಾಫಿ ಮುಗಿಯುವ ಮೊದಲೇ ಅದೂ ನಗುಮುಖದಿಂದ ನಿಂತಿತು. ಕೆಟ್ಟದ್ದಕ್ಕೆ ನಾವಿಬ್ಬರೂ ಚಪ್ಪಾಳೆ ತಟ್ಟಿದ್ದನ್ನು ನೋಡಿ ಆಚೆ ಟೇಬಲ್ಲಿನ ಲೆಕ್ಕಪತ್ರದವರು ಹುಟ್ಟುಹಬ್ಬವೇ ಎಂದು ಕೇಳಿದರು.

ನಿಂತ ಯಂತ್ರದೊಳಗೆ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಇಣುಕಿ ನೋಡುವ ಉಪಾಯವಿದೆ. ನೋಡಿದೆವು. ಒಳಗೆ ನಡೆದಿದ್ದದ್ದು ಅಪ್ಪಟ ಸೌಜನ್ಯ.

ಡ್ರೈವರು ಪ್ರತಿ ಸಲ ಮೂಟೆ ಹೊರುವ ಮೊದಲು, ಕೂಲಿಯವರು ತಲೆಯ ಮೇಲೆ ಸುತ್ತಿಟ್ಟುಕೊಳ್ಳುವ ಸಿಂಬಿಯಷ್ಟು ಮೆಮೊರಿ ಕೇಳುತ್ತದೆ. ಮೆಮೊರಿ ಹಂಚುವ ಯಜಮಾನರು, “ಜಾಗ ಮುಗಿದಿದೆಯಲ್ಲಪ್ಪ, ಸ್ವಲ್ಪ ತಾಳು, ಪಡಸಾಲೆಯಲ್ಲಿರುವ ಒಂದಷ್ಟು ಮೂಟೆಗಳನ್ನು ಉಗ್ರಾಣಕ್ಕೆ ಕಳಿಸಿ ಜಾಗ ಮಾಡಿಕೊಡುತ್ತೇನೆ,” ಎನ್ನುತ್ತಾರೆ. “ಆಗಲಿ ಸ್ವಾಮಿ, ಕಾಯುತ್ತೇನೆ,” ಎನ್ನುತ್ತದೆ ಡ್ರೈವರು. ಉಗ್ರಾಣಕ್ಕೆ ಮೂಟೆ ಹೊರಬೇಕಾದವರು ಯಾರು? ಆ ಡ್ರೈವರೇ. ಅದು ಸಿಂಬಿಗಾಗಿ ಕಾಯುತ್ತಿದೆ. ಯಜಮಾನರು ಅದಕ್ಕಾಗಿ ಕಾಯುತ್ತಿದ್ದಾರೆ. ಯಾರೂ ಜಗಳಕ್ಕೆ ನಿಲ್ಲುವುದಿಲ್ಲ, ಯಾರೂ ಬಿಟ್ಟು ಹೋಗುವುದಿಲ್ಲ. ಅನಂತ ಕಾಲ ಒಬ್ಬರಿಗೊಬ್ಬರು ಕೈಮುಗಿದು ನಿಂತಿರುತ್ತಾರೆ.

ಪರಿಹಾರ ದೊಡ್ಡದೇನಲ್ಲ. ಡ್ರೈವರು ಮೆಮೊರಿ ಕೇಳುವ ಧಾಟಿ ಬದಲಿಸಬೇಕು: ‘ಕೊಡುವುದಾದರೆ ಕೊಡಿ, ನನಗೆ ಕೊಡಲಿಕ್ಕೆಂದು ನನ್ನ ತಲೆಯ ಮೇಲೇ ಇನ್ನೊಂದು ಮೂಟೆ ಹೊರಿಸಬೇಡಿ.’ ಜೊತೆಗೆ, ಕೆಲಸ ಶುರುವಾಗುವ ಮುಂಚೆಯೇ ನಾಲ್ಕಾರು ಸಿಂಬಿಗಳನ್ನು ಬೇರೆ ಯಾರೂ ಮುಟ್ಟದ ಹಾಗೆ ತೆಗೆದಿಟ್ಟುಕೊಳ್ಳಬೇಕು. ಎಲ್ಲೂ ಸಿಗದಿದ್ದಾಗ ಅದರಲ್ಲೊಂದನ್ನು ಬಳಸಿ, ಮೂಟೆ ಇಳಿಸಿದ ತಕ್ಷಣ ಅಲ್ಲೇ ಹಿಂದಿಡಬೇಕು. ಡ್ರೈವರ್ ಬರೆಯುವವರಿಗೆಲ್ಲ ಇದು ಗೊತ್ತಿರಬೇಕಾದ ವಿಷಯ. ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದು, ಹೊತ್ತಿಗೆ ಹೊಳೆಯುವುದು ಇವೆರಡೂ ಬೇರೆ ಬೇರೆ ಇಲಾಖೆಗಳು. ಒಂದರ ಕಡತ ಇನ್ನೊಂದಕ್ಕೆ ಬೇಗ ಹೋಗುವುದಿಲ್ಲ.

ಈ ಉಪಾಯ ನನಗೆ ಅಡುಗೆಮನೆಯಲ್ಲಿ ಅತ್ತೆಯ ಡಬ್ಬಿಗಳನ್ನು ನೋಡುತ್ತಾ ಹೊಳೆಯಿತು ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೇನೆ. ಕೇಳುವವರಿಗೆ ಇಷ್ಟವಾಗುತ್ತದೆ. ಆದರೆ ಭಾನುವಿನ ಪ್ರಕಾರ ಅದು ಬೀಚ್ ರಸ್ತೆಯಲ್ಲಿ ಮಿರಪಕಾಯಿ ಬಜ್ಜಿ ತಿನ್ನುವಾಗ ಹೊಳೆದದ್ದು, ಹೊಳೆದದ್ದೂ ಅವಳಿಗೇ. ನಾನು ಆಗ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಿದ್ದೆನಂತೆ. ದಿನಚರಿಯಲ್ಲಿ ನೋಡಿದೆ. ‘ಬಜ್ಜಿ ತುಂಬ ಖಾರ’ ಎಂದಷ್ಟೇ ಇದೆ.

ಏನೇ ಇರಲಿ, ಪೆಟ್ಟಿಗೆ ಆಮೇಲೆ ನಿಲ್ಲಲಿಲ್ಲ. ಲಾರಿಗಳ ಸಾಲು ರಸ್ತೆಯವರೆಗೆ ಬಂದ ದಿನವೂ ನಿಲ್ಲಲಿಲ್ಲ. ಸೂಪರ್‌ವೈಸರು ನಿಂಬೆಹಣ್ಣಿಗೆ ಕೃತಜ್ಞತೆ ಹೇಳಿದರು. ಮೂರ್ತಿಗಾರು ನನ್ನನ್ನು ಮತ್ತೆ ಹೆಸರು ಹಿಡಿದು ಕರೆಯತೊಡಗಿದರು. ಆ ದಿನ ಸಂಜೆ ಗೆದ್ದವಳ ಗತ್ತಿನಲ್ಲಿ ಮನೆಗೆ ಬಂದು ದೀಪ ಹಾಕಿದರೆ ಎದುರಿಗೆ ಅತ್ತೆಯ ಡಬ್ಬಿಗಳು, ಸಾಲಾಗಿ, ಹೊಳೆಯುತ್ತ. ಇದೂ ಅದೇ ರೋಗ ಎನ್ನಿಸಿತು. ಔಷಧಿಯೂ ಅದೇ ಇರಬೇಕಲ್ಲ?

ಅಂಗಡಿಗೆ ಹೋಗಿ ದೊಡ್ಡ ಪೊಟ್ಟಣ ಕಲ್ಲುಸಕ್ಕರೆ ತಂದೆ. ಅದೇ ನನ್ನ ಮೀಸಲು ನಿಧಿ. ಡಬ್ಬಿ ಖಾಲಿಯಾಯಿತೋ, ಒಂದು ಹಿಡಿ ಕಲ್ಲುಸಕ್ಕರೆ ಹಾಕು, ವಾಪಸ್ ಕಳಿಸು. ಮಾಡುವ ಕೆಲಸವಿಲ್ಲ, ಪರೀಕ್ಷೆಯಿಲ್ಲ, ರೈಲಿನಲ್ಲಿ ಪುಡಿಯಾದರೂ ಸಕ್ಕರೆ ಸಕ್ಕರೆಯೇ. ಎಷ್ಟೋ ಕಾಲದಿಂದ ಸೇರಿದ್ದ ಡಬ್ಬಿಗಳನ್ನೆಲ್ಲ ತಿಕ್ಕಿ ತೊಳೆದು, ಒಂದೊಂದು ಹಿಡಿ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ, ಶನಿವಾರ ವಿಜಯವಾಡಕ್ಕೆ ಹೊರಟಿದ್ದ ಶ್ರೀಧರನ ತಲೆಯ ಮೇಲೆ ಹೊರಿಸಿದೆ.

ಅವನು ರೈಲಿನಲ್ಲಿ ಪಟ್ಟ ಪಾಡನ್ನು ಫೋನಿನಲ್ಲೇ ವರ್ಣಿಸಿದ. ಪ್ರತಿ ಸ್ಟೇಷನ್ನಿನಲ್ಲೂ ಪೆಟ್ಟಿಗೆ ಗಲಗಲ ಎನ್ನುತ್ತಿತ್ತಂತೆ. ಎದುರಿನ ಸೀಟಿನ ಹೆಂಗಸು, ಸ್ಟೀಲ್ ಸಾಮಾನು ಮಾರುವವರಾ ಎಂದು ಕೇಳಿದರಂತೆ. ಇವನು ತಾನು ಫಿಸಿಕ್ಸ್ ಲೆಕ್ಚರರ್ ಎಂದನಂತೆ. ಆಕೆ ಅದನ್ನು ವ್ಯಾಪಾರದ ಮಾತೆಂದು ತಿಳಿದು, “ಪರವಾಗಿಲ್ಲ, ಮುಚ್ಚಳ ಬಿಗಿಯಾಗಿರೋದು ತೋರಿಸಿ ಅಂಡಿ,” ಎಂದರಂತೆ.

“ಅದು ಇರಲಿ, ಅಮ್ಮ ಏನಂದ್ರು?” ಎಂದೆ.

“ಅಮ್ಮ ಒಂದು ಡಬ್ಬಿ ತೆಗೆದಳು. ಕಲ್ಲುಸಕ್ಕರೆ. ನಕ್ಕಳು. ಇನ್ನೊಂದು ತೆಗೆದಳು. ಕಲ್ಲುಸಕ್ಕರೆ.” ತೆಲುಗಿನಲ್ಲೇ ಮುಂದುವರಿಸಿದ. “ಎಲ್ಲಾ ತೆಗೆದಳು. ಒಂದೂ ಬಿಡಲಿಲ್ಲ. ಆಮೇಲೆ ಟಿವಿ ಹಾಕಿದಳು.”

“ಟಿವಿಯಲ್ಲಿ ಏನಿತ್ತು?”

“ಬೇಸಾಯದ ಕಾರ್ಯಕ್ರಮ. ಪೂರ್ತಿ ನೋಡಿದಳು.”

ನನಗೆ ಆಗಲೇ ಅರ್ಥವಾಗಬೇಕಿತ್ತು. ಸೋಮವಾರ ಬೆಳಿಗ್ಗೆ ಫೋನು ಬರಲಿಲ್ಲ. ಮಂಗಳವಾರ ನಾನೇ ಮಾಡಿದೆ. “ಬಾಗುನ್ನಾರಾ ಅಮ್ಮಾ? ಟಿಫಿನ್ಲು ಅಯ್ಯಾಯಾ? ಸರೇ, ಉಂಟಾನು,” ಎಂದರು. ಚೆನ್ನಾಗಿದ್ದೀರಾ, ತಿಂಡಿ ಆಯ್ತಾ, ಸರಿ, ಇಡುತ್ತೇನೆ. ಶುದ್ಧ ತೆಲುಗು, ಬಹುವಚನ, ಮೇಲೊಂದು ‘ಅಮ್ಮಾ’. ಮೂರ್ತಿಗಾರು ಅವರ ಬಾಯಲ್ಲಿ ಕೇಳಿ ಕೇಳಿ ಆ ‘ಅಮ್ಮಾ’ ಎಂದರೇನೆಂದು ನನಗೆ ಗೊತ್ತಿತ್ತು. ಬುಧವಾರವೂ ಅಷ್ಟೇ. ಮುಂದಿನ ವಾರ ಯಾರೋ ನೆಂಟರ ಕೈಯಲ್ಲಿ ಶೇಂಗಾ ಚಟ್ನಿಪುಡಿ ಬಂತು. ಬಂದದ್ದು ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಮುಟ್ಟಿತೆಂದು ಹೇಳಲು ಫೋನು ಮಾಡಿದರೆ, “ಡಬ್ಬಾ ಪಂಪಿಂಚಕ್ಕರ್ಲೇದಮ್ಮಾ, ಪಾರೇಯಂಡಿ,” ಎಂದರು. ಡಬ್ಬಿ ಕಳಿಸುವುದು ಬೇಡ, ಬಿಸಾಡಿ.

ಚಟ್ನಿಪುಡಿ ಎಂದಿನಷ್ಟೇ ರುಚಿಯಾಗಿತ್ತು. ಮನೆಯ ಮಗಳಂತಿದ್ದವಳನ್ನು ಎತ್ತಿ ಅತಿಥಿಗಳ ಪಂಕ್ತಿಯಲ್ಲಿ ಕೂರಿಸಿದ್ದರು. ಬಡಿಸುವುದಕ್ಕೇನೂ ಕಡಿಮೆ ಮಾಡಿರಲಿಲ್ಲ. ನಾನು ಬೆಳಿಗ್ಗೆ ಸ್ಕೂಟರ್ ಸ್ಟ್ಯಾಂಡ್ ತೆಗೆಯುವ ಮುಂಚೆ ಸುಮ್ಮನೆ ಫೋನ್ ನೋಡುತ್ತ ನಿಲ್ಲುವುದು ಅಭ್ಯಾಸವಾಯಿತು. ಕನ್ನಡದಲ್ಲಿ ಯಾರನ್ನಾದರೂ ಬೈಯಬೇಕೆನಿಸಿ ಒಂದು ದಿನ ಸ್ಕೂಟರನ್ನೇ ಬೈದೆ. ಕೆಳಮನೆಯವರು ಮಂತ್ರ ಹೇಳುತ್ತಿದ್ದಾಳೆಂದು ತಿಳಿದು ಮೆಚ್ಚಿದರು.

“ನಿಮ್ಮಮ್ಮನಿಗೆ ಯಾಕೆ ಕೋಪ, ಕೇಳಬಾರದಾ?” ಎಂದೆ ಶ್ರೀಧರನಿಗೆ.

“ಕೇಳಿದೆ. ಕೋಪ ಇಲ್ಲ ಅಂದಳು. ಅಮ್ಮ ಕೋಪ ಇಲ್ಲ ಅಂದ್ರೆ ತುಂಬಾ ಇದೆ ಅಂತ.” ಇಷ್ಟನ್ನೂ ಅವನು ಕನ್ನಡದಲ್ಲೇ ಹೇಳಿದ. ಅಷ್ಟು ಗಂಭೀರವಾಗಿತ್ತು ವಿಷಯ.

ಆವಕಾಯಿ ಹಾಕುವ ದಿನ ರಜೆ ಹಾಕಿ ನಾನೇ ವಿಜಯವಾಡಕ್ಕೆ ಹೋದೆ. ಬಿಸಿಲು ಹೇಗಿತ್ತೆಂದು ವಿಜಯವಾಡ ಕಂಡವರಿಗೆ ಹೇಳಬೇಕಾಗಿಲ್ಲ. ಹಜಾರದ ತುಂಬ ಹಳೆಯ ಸೀರೆ ಹಾಸಿ ಮಾವಿನಹೋಳು ಹರವಿದ್ದರು. ಸಾಸಿವೆಹಿಟ್ಟು, ಖಾರದಪುಡಿ, ಉಪ್ಪು ಬೇರೆ ಬೇರೆ ಬೇಸಿನ್ನುಗಳಲ್ಲಿ. ಓರಗಿತ್ತಿ ಎಳ್ಳೆಣ್ಣೆ ಅಳೆಯುತ್ತಿದ್ದಳು. ಅತ್ತೆ ನಡುವೆ ಕೂತು ಎಲ್ಲರಿಗೂ ತೆಲುಗಿನಲ್ಲಿ ಅಪ್ಪಣೆ ಕೊಡುತ್ತಿದ್ದರು. ನನ್ನನ್ನು ನೋಡಿ, “ರಂಡಿ ಅಮ್ಮಾ, ಕೂರ್ಚೋಂಡಿ,” ಎಂದರು. ಬನ್ನಿ, ಕೂತುಕೊಳ್ಳಿ. ಮನೆಗೆ ಬಂದ ಎಲ್‌ಐಸಿ ಏಜೆಂಟರಿಗೂ ಅವರು ಅದೇ ಮಾತು ಹೇಳುವುದು.

ನನಗೆ ಸಿಕ್ಕಿದ್ದು ಹೋಳು ಒರೆಸುವ ಕೆಲಸ. ಗೊರಟೆಯ ಓಟೆಗೆ ಅಂಟಿದ ತೆಳು ಪೊರೆ ತೆಗೆದು ಬಟ್ಟೆಯಿಂದ ಒರೆಸುವುದು. ಉಪ್ಪಿನಕಾಯಿ ಮನೆಯಲ್ಲಿ ಅದು ಅತ್ಯಂತ ಕೆಳಗಿನ ಹುದ್ದೆ. ಸಮಾಧಾನಕ್ಕೆ ಏನು ಹೇಳಲಿ, ಯಾವ ಮಾತಿನಿಂದ ಶುರುಮಾಡಲಿ ಎಂದು ಯೋಚಿಸುತ್ತ ಕೈಗೆ ಸಿಕ್ಕ ಬಟ್ಟೆಯಲ್ಲಿ ಒರೆಸುತ್ತ ಹೋದೆ. ಅರ್ಧ ಬುಟ್ಟಿ ಮುಗಿದಿರಬೇಕು. ಅತ್ತೆ ಒಂದು ಹೋಳೆತ್ತಿ ಮುಟ್ಟಿ ನೋಡಿದರು.

“ಅಯ್ಯ ನಿನ್ನ ಕೈಗಿಷ್ಟು! ಹಸೀ ಬಟ್ಟೀಲೆ ಒರಸ್ತಾರೇನಬೇ? ವರ್ಷದ ಉಪ್ಪಿನಕಾಯಿ ಬೂಷ್ಟು ಹಿಡಿತೈತಿ! ನಿಮ್ಮವ್ವ ಇಷ್ಟೂ ಹೇಳಿಕೊಟ್ಟಿಲ್ಲೇನು ನಿನಗ?”

ಓರಗಿತ್ತಿ ಎಣ್ಣೆ ಅಳೆಯುವುದು ಬಿಟ್ಟು ನನ್ನತ್ತ ಮರುಕದಿಂದ ನೋಡಿದಳು. ನನಗೆ ಮಾತ್ರ ಎದ್ದು ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಬೈಗುಳ ಕನ್ನಡದಲ್ಲಿತ್ತು. ಏಕವಚನದ, ಬಳ್ಳಾರಿಯ ಬಿಸಿಲಿನಂಥ ಕನ್ನಡ. ತವರಿನವರನ್ನೂ ಬಿಡದೆ ಎಳೆದು ತಂದಿದ್ದರು.

“ತಪ್ಪಾಯ್ತು ಅತ್ತೆ,” ಎಂದೆ. ನಗು ಬರುತ್ತಿತ್ತು.

“ನಗ್ತೀ ಏನು? ನಗು. ಅಷ್ಟು ಬ್ಯಾಸರ ಆಗಿತ್ತೇನು ನಿನಗ ನಮ್ಮ ಡಬ್ಬಿ ಇಟ್ಕೊಂಡು? ಒಂದೊಂದಾ ಕಳಿಸಾಕ ಬರ್ತಿರ್ಲಿಲ್ಲೇನು? ಮನಿ ಖಾಲಿ ಮಾಡಿ ಹೋಗೋರಂಗ ಎಲ್ಲಾ ಒಮ್ಮೆಲೇ ಕಟ್ಟಿ ಕಳಿಸೀದಿ. ಇನ್ನ ನಿಮ್ಮ ನಮ್ಮ ವ್ಯವಹಾರ ಮುಗೀತು ಅಂದಂಗ.”

ನಾನು ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ, ಲಾರಿ, ಯಜಮಾನರು, ಸಿಂಬಿ, ಕಾಯುವುದು, ಮೀಸಲು. ಅತ್ತೆ ಖಾರದ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿದರು. ಮೂರ್ತಿಗಾರು ಕೂಡ ಇಷ್ಟು ಗಮನ ಕೊಟ್ಟಿರಲಿಲ್ಲ.

“ಅಂದ್ರ ನಿಮ್ಮ ಪೆಟಿಗ್ಯಾಗ ಜಾಗ ಸಾಲದಂಗ ಆಗಿತ್ತು,” ಎಂದರು.

“ಹೂಂ ಅತ್ತೆ.”

“ನನ್ನ ಡಬ್ಬಿಗೆ ನಿನ್ನ ಮನ್ಯಾಗೂ ಜಾಗ ಸಾಲದಂಗ ಆಗಿತ್ತೇನು?”

ಒಣ ಬಟ್ಟೆ ತಂದು ಎಲ್ಲ ಹೋಳುಗಳನ್ನೂ ಮೊದಲಿನಿಂದ ಒರೆಸಿದೆ. ಸಂಜೆ ಹೊರಡುವಾಗ ಅತ್ತೆ ಒಂದು ದೊಡ್ಡ ಸ್ಟೀಲ್ ಡಬ್ಬಿ ತುಂಬ ಆವಕಾಯಿ ಹಾಕಿ, ಮುಚ್ಚಳಕ್ಕೆ ಬಟ್ಟೆ ಬಿಗಿದು ನನ್ನ ಮಡಿಲಿಗಿಟ್ಟರು. ನಾನು ಆರಿಸಿಕೊಳ್ಳಬಹುದಾಗಿದ್ದರೆ ಅದನ್ನೇ ಆರಿಸಿಕೊಳ್ಳುತ್ತಿದ್ದೆ. ‘ಗೌರಮ್ಮ’ ಎಂಬ ಅಕ್ಷರಗಳು ಅದರ ಮೇಲೆ ಉಳಿದೆಲ್ಲದಕ್ಕಿಂತ ದಪ್ಪ.

ಈಗ ಮತ್ತೆ ಬೆಳಿಗ್ಗೆ ಫೋನು ಬರುತ್ತದೆ. ಎಲ್ಲರನ್ನೂ ಬೈಯುವುದು ನಡೆದಿದೆ. ಹಸಿ ಬಟ್ಟೆಯ ಕತೆ ಇಡೀ ವಿಜಯವಾಡಕ್ಕೆ ತಿಳಿದಿದೆ. ಆವಕಾಯಿಗೆ ಬೂಷ್ಟು ಹಿಡಿದಿಲ್ಲ, ಬಲುಬೇಗ ಖಾಲಿಯಾಯಿತು. ಡಬ್ಬಿಯನ್ನು ಏನು ಮಾಡಬೇಕೆಂಬುದೇ ನನಗೆ ತಿಳಿಯದೆ ಒಮ್ಮೆ ರವೆಉಂಡೆ ತುಂಬಿದೆ. ಕಳಿಸಿದರೆ ಮತ್ತೇನಾಗುತ್ತದೋ ಎಂದು ಹೆದರಿ ಉಂಡೆಗಳನ್ನು ನಾವೇ ತಿಂದೆವು. ಶ್ರೀಧರನಿಗೆ ಈ ಭಯ ತುಂಬ ಹಿಡಿಸಿದೆ. ಅವನು ವಾರಕ್ಕೊಮ್ಮೆ ಡಬ್ಬಿ ತುಂಬು ಎನ್ನುತ್ತಾನೆ.

ಮೊನ್ನೆ ಅತ್ತೆ ಕೇಳಿಯೇ ಕೇಳಿದರು: “ಏನಬೇ, ನನ್ನ ಡಬ್ಬಿ ಯಾವಾಗ ಕಳಿಸ್ತೀ?”

ಯಂತ್ರ ಯಾರಿಗಾಗಿ ಕಾಯುತ್ತಿದೆ ಎಂದು ಇಣುಕಿ ನೋಡಿ ಹೇಳಬಲ್ಲವಳು ಎಂದು ಆಫೀಸಿನಲ್ಲಿ ನನಗೆ ಹೆಸರು. ಆ ಹೆಸರನ್ನು ಪಕ್ಕಕ್ಕಿಟ್ಟು, ಸ್ಕೂಟರಿನ ಮೇಲೆ ಕೂತು, ನೇರವಾಗಿ ಕೇಳಿಬಿಟ್ಟೆ: “ಅತ್ತೆ, ನಿಜ ಹೇಳಿ. ಡಬ್ಬಿ ಕಳಿಸು ಕಳಿಸು ಅಂತೀರಲ್ಲ, ಅದು ನಿಮಗೆ ವಾಪಸ್ ಬೇಕಾ, ಇಲ್ಲೇ ಇರಬೇಕಾ?”

“ತಡಿ, ಕುಕ್ಕರ್ ಕೂಗಾಕತ್ತೈತಿ,” ಎಂದು ಫೋನಿಟ್ಟರು.

ಆಮೇಲೆ ಎಷ್ಟೋ ಸಲ ಮಾತಾಡಿದ್ದೇವೆ. ಆ ಕುಕ್ಕರ್ ಮಾತ್ರ ಇನ್ನೂ ಇಳಿದಿಲ್ಲ.